ಆಜ್ಞೆ ಯಂತ್ರಕ್ಕೆ, ಹೊಣೆ ಯಾರಿಗೆ?

ಒಬ್ಬ ನಿರ್ವಾಹಕನು ಕೆಲವು ಸಾಲುಗಳ ಆಜ್ಞೆಯನ್ನು ಬರೆದಿಟ್ಟು ಮಲಗುತ್ತಾನೆ. ನಡುರಾತ್ರಿಯಲ್ಲಿ, ಅವನು ಗಾಢನಿದ್ರೆಯಲ್ಲಿರುವಾಗ, ದೂರದ ಊರಿನ ನೂರು ಗಣಕಯಂತ್ರಗಳು ಅದನ್ನು ಪಾಲಿಸುತ್ತವೆ. ಆ ಕ್ರಿಯೆಯ ಕರ್ತೃ ಯಾರು? ತಂತ್ರಜ್ಞರ ಪ್ರಶ್ನೆಯಂತೆ ತೋರಿದರೂ ಇದು ಮೂಲತಃ ಶ್ರಾವಕಾಚಾರದ ಪ್ರಶ್ನೆ. ನಮ್ಮ ಮನೆಗಳ ಮಕ್ಕಳು ಈ ವೃತ್ತಿಯಲ್ಲಿದ್ದಾರೆ; ನಮ್ಮ ಲೆಕ್ಕಪತ್ರಗಳೂ ಇಂಥ ಯಂತ್ರಗಳನ್ನು ಸೇರಿವೆ.

ಸರ್ವರ್ ಎಂಬ ಯಂತ್ರವು ಸಾಮಾನ್ಯವಾಗಿ ನಿರ್ವಾಹಕನ ಕಣ್ಣೆದುರಿಗಿರುವುದಿಲ್ಲ. 1995ರಲ್ಲಿ ಫಿನ್ಲೆಂಡಿನ ತಾತು ಯುಲೊನೆನ್ ರೂಪಿಸಿದ ಎಸ್‌ಎಸ್‌ಎಚ್ ವ್ಯವಸ್ಥೆಯಿಂದ ಅವನು ದೂರದಿಂದಲೇ ಅದನ್ನು ಸುರಕ್ಷಿತವಾಗಿ ಪ್ರವೇಶಿಸುತ್ತಾನೆ. ಪ್ರತಿ ತೆಗೆದಿಡುವುದು, ಹಳೆಯ ಕಡತ ಅಳಿಸುವುದು ಮುಂತಾದ ನಿತ್ಯದ ಕೆಲಸಗಳನ್ನು ಸ್ಕ್ರಿಪ್ಟಿನಲ್ಲಿ ಬರೆದಿಟ್ಟರೆ, ಕ್ರಾನ್ ಎಂಬ ಸಾಧನವು ನಿಗದಿತ ವೇಳೆಗೆ ಅದನ್ನು ನಡೆಸುತ್ತದೆ. ದಣಿದ ಕೈಯ ತಪ್ಪುಗಳು ತಗ್ಗುತ್ತವೆ. ಇದು ಉಪಕಾರವೇ ಸರಿ. ಆದರೆ ಕೈಯಾರೆ ಅಳಿಸುವವನು ಮೂರನೆಯ ಕಡತಕ್ಕೆ ಬಂದಾಗ ಅನುಮಾನಗೊಂಡು ನಿಲ್ಲಬಲ್ಲನು. ಸ್ಕ್ರಿಪ್ಟಿಗೆ ತಾನಾಗಿ ಅನುಮಾನ ಹುಟ್ಟುವುದಿಲ್ಲ.

2022ರ ಏಪ್ರಿಲ್ 5ರಂದು ಆಸ್ಟ್ರೇಲಿಯಾ ಮೂಲದ ಅಟ್ಲಾಸಿಯನ್ ಸಂಸ್ಥೆಯಲ್ಲಿ ನಡೆದುದನ್ನು ನೋಡಿರಿ. ಹಳೆಯ ತಂತ್ರಾಂಶವೊಂದನ್ನು ತೆಗೆದುಹಾಕಲು ಸ್ಕ್ರಿಪ್ಟನ್ನು ನಡೆಸಲಾಯಿತು. ಆದರೆ ಕೊಟ್ಟ ಪಟ್ಟಿಯಲ್ಲಿ ತಂತ್ರಾಂಶದ ಗುರುತುಸಂಖ್ಯೆಗಳ ಬದಲು ಗ್ರಾಹಕರ ಇಡೀ ತಾಣಗಳ ಗುರುತುಸಂಖ್ಯೆಗಳಿದ್ದವು. 23 ನಿಮಿಷಗಳಲ್ಲಿ 775 ಗ್ರಾಹಕರ 883 ತಾಣಗಳು ಅಳಿದವು. ಕಾಪಿಟ್ಟ ಪ್ರತಿಗಳಿಂದ ಅವೆಲ್ಲವನ್ನೂ ಮರಳಿಸುವ ಕಾರ್ಯ ಮುಗಿಯುವಷ್ಟರಲ್ಲಿ ಏಪ್ರಿಲ್ 18 ಆಗಿತ್ತು. ಸ್ಕ್ರಿಪ್ಟನ್ನು ಸಹೋದ್ಯೋಗಿಗಳು ಮೊದಲೇ ಪರಿಶೀಲಿಸಿದ್ದರು. ಕ್ರಿಯೆ ಹೇಗೆ ನಡೆಯುವುದೆಂಬುದನ್ನು ನೋಡಿದ್ದರು. ಯಾರ ಮೇಲೆ ನಡೆಯುವುದೆಂಬುದನ್ನು ನೋಡಿರಲಿಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ಆಧಾರಗಳನ್ನು ವಿವೇಚಿಸುತ್ತದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು; ಮನೋವಾಕ್ಕಾಯಗಳೆಂಬ ಮೂರು; ಕೃತ, ಕಾರಿತ, ಅನುಮತಗಳೆಂಬ ಮೂರು; ಕಷಾಯಗಳು ನಾಲ್ಕು: ಇವನ್ನು ಗುಣಿಸಿದರೆ ಜೀವಾಧಿಕರಣದ ಭೇದಗಳು 108. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಮೂರೂ ಲೆಕ್ಕಕ್ಕೆ ಬರುತ್ತವೆ. ಯಂತ್ರವು ಅಜೀವ, ಅದಕ್ಕೆ ಕರ್ಮಬಂಧವಿಲ್ಲ. ಆದುದರಿಂದ ಹೊಣೆಯು ಯಂತ್ರದಲ್ಲಿ ನಿಲ್ಲದೆ ಬರೆದವನಿಗೂ, ಬರೆಯಿಸಿದ ಒಡೆಯನಿಗೂ, ಸಮ್ಮತಿಸಿದವನಿಗೂ ಮರಳುತ್ತದೆ.

ಅಲ್ಲಿಯೇ ಅಜೀವಾಧಿಕರಣದಲ್ಲಿ ನಿಕ್ಷೇಪದ ನಾಲ್ಕು ಬಗೆಗಳಿವೆ. ನೋಡದೆ ಇಡುವುದು, ಸರಿಯಾಗಿ ಶೋಧಿಸದೆ ಇಡುವುದು, ಅವಸರದಿಂದ ಇಡುವುದು, ಉಪಯೋಗವಿಲ್ಲದೆ, ಎಂದರೆ ಮನಸ್ಸಿಡದೆ, ಇಡುವುದು. ಕಮಂಡಲುವನ್ನೋ ಶಾಸ್ತ್ರಗ್ರಂಥವನ್ನೋ ನೆಲದ ಮೇಲಿಡುವ ಬಗೆಗೆ ಹೇಳಿದ ಈ ದೋಷಗಳು, ದೂರದ ಯಂತ್ರದಲ್ಲಿ ಆಜ್ಞೆಯನ್ನಿಡುವ ಕೈಗೂ ಎಷ್ಟು ಸರಿಯಾಗಿ ಹೊಂದುತ್ತವೆ!

ಅಳಿದುದು ಮಾಹಿತಿ, ಅದರಲ್ಲಿ ಜೀವವೆಲ್ಲಿದೆ ಎಂದು ಕೇಳಬಹುದು. ಮಾಹಿತಿಗೆ ನೋವಿಲ್ಲ, ನಿಜ. ಆದರೆ ಅದು ಪರರು ನಂಬಿ ಇಟ್ಟ ನ್ಯಾಸ. ಅದರ ನಾಶದಿಂದ ನೋಯುವವರು ಜೀವಿಗಳೇ. ಬೇಕೆಂದು ಮಾಡಲಿಲ್ಲವಲ್ಲ ಎಂಬುದು ಇನ್ನೊಂದು ಆಕ್ಷೇಪ. ಹಿಂಸೆಯ ಲಕ್ಷಣದಲ್ಲಿ ಆಚಾರ್ಯರು ಪ್ರಮತ್ತಯೋಗವನ್ನೇ ಮುಖ್ಯವಾಗಿಸಿದ್ದಾರೆ. ಯತ್ನಾಚಾರದಿಂದ ನಡೆದವನಿಂದ ಆಕಸ್ಮಿಕವಾಗಿ ಹಾನಿಯಾದರೂ ಅವನು ಹಿಂಸಕನಲ್ಲ. ಪ್ರಮಾದದಿಂದ ನಡೆದವನಿಂದ ಹಾನಿಯಾಗದಿದ್ದರೂ ಅವನು ನಿರ್ದೋಷಿಯಲ್ಲ. ನಾವು ವರ್ತಕರು ಇದನ್ನು ತಿರುವುಮುರುವಾಗಿ ಆಚರಿಸುತ್ತೇವೆ. ನಷ್ಟವಾದ ದಿನ ಗುಮಾಸ್ತನನ್ನು ಗದರಿಸಿ, ಅದೇ ಅಜಾಗ್ರತೆಯಿಂದ ನಷ್ಟವಾಗದ ನೂರು ದಿನ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಆ ನೂರು ದಿನಗಳ ಮೌನವೇ ನನ್ನ ಅನುಮತವಾಗಿತ್ತು.

ಹಾಗಾದರೆ ಸ್ಕ್ರಿಪ್ಟನ್ನು ತ್ಯಜಿಸಬೇಕೆ? ಬೇಕಿಲ್ಲ. ಮುನಿಗಳು ನಡೆಯುವುದನ್ನು ಬಿಡುವುದಿಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುತ್ತಾರೆ. ನಿರ್ವಾಹಕನಿಗೂ ಇಂಥ ಸಮಿತಿಯುಂಟು. ಏನೇನು ಅಳಿಯುವುದೆಂಬ ಪಟ್ಟಿಯನ್ನು ಮೊದಲು ತೋರಿಸಿಕೊಂಡು ಓದುವುದು; ಒಂದೇ ಯಂತ್ರದಲ್ಲಿ ನಡೆಸಿ ನೋಡಿ ಅನಂತರ ಉಳಿದವುಗಳಿಗೆ ಹೋಗುವುದು; ಒಮ್ಮೆಗೇ ನಾಶಮಾಡದೆ ಗುರುತು ಹಾಕಿ ಕೆಲದಿನ ಕಾಯುವುದು; ಕಾಪಿಟ್ಟ ಪ್ರತಿಯನ್ನು ಮರಳಿಸಿ ಪರೀಕ್ಷಿಸುವುದು. ಇವಕ್ಕೆ ಸಮಯ ಬೇಕು. ಆ ಸಮಯವನ್ನು ಕೊಡದೆ ಅವಸರಪಡಿಸುವ ಒಡೆಯನೂ ಧರ್ಮದರ್ಶಿಯೂ ಸಹಸಾ ನಿಕ್ಷೇಪವನ್ನು ತಾವೇ ಮಾಡಿಸಿದಂತೆ.

ಸಾಯಂಕಾಲದ ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆಯುವಾಗ, ನಾವು ನಿದ್ರಿಸಿದ ಮೇಲೆ ನಮ್ಮ ಹೆಸರಿನಲ್ಲಿ ನಡೆಯಲಿರುವ ಕ್ರಿಯೆಗಳನ್ನೂ ಒಮ್ಮೆ ನೆನೆಯೋಣ.