ಮೂಕಸಾಕ್ಷಿ

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹುಡುಗಿಯ ಗುಣ ವಿಚಾರಿಸಿದರೆ, "ಪಾಪ, ಬಾಯಿ ಸತ್ತವಳು" ಎಂದು ನೆರೆಹೊರೆಯವರು ಹೇಳುವುದುಂಟು. ಅದು ದೂರಲ್ಲ, ಹೊಗಳಿಕೆ. ಎದುರು ಮಾತನಾಡುವವಳಾದರೆ ಬಾಯಿಬಡುಕಿ; ಆ ಸಂಬಂಧ ಅಲ್ಲಿಗೇ ಮುರಿದ ಹಾಗೆ. ಇನ್ನೊಂದು ಮಾತೂ ನಮ್ಮಲ್ಲಿದೆ: ಮೂಕಸಾಕ್ಷಿ. ಕಣ್ಣೆದುರಿಗೆ ಅನ್ಯಾಯ ನಡೆಯುತ್ತಿದ್ದರೂ ಸುಮ್ಮನೆ ನಿಂತು ನೋಡಿದವರಿಗೆ ಈ ಮಾತನ್ನು ಬಳಸುತ್ತೇವೆ. ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನಾನು ಈ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಮಾತ್ರ ಕೋರ್ಟಿನಲ್ಲಿ.

1996ರಲ್ಲಿ ನಾನು ಕೆಲಸಕ್ಕೆ ಸೇರಿದ ಶಾಲೆಯ ಐದನೆಯ ತರಗತಿಗೆ ಒಬ್ಬ ಹುಡುಗಿ ಬಂದಳು. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಹೆಸರು ಬರೆಯುವುದಿಲ್ಲ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದಲೇ ಇದ್ದರೂ ನಮ್ಮಂಥ ತಾಲ್ಲೂಕು ಊರಿನ ಕೂಲಿಯವರಿಗೆ ಮೈಸೂರು ಕಾಶಿಗಿಂತ ದೂರ. ಬಿ.ಎಡ್.ನಲ್ಲಿ ನಮಗೆ ಇಂಥ ಮಕ್ಕಳ ಬಗ್ಗೆ ಕಲಿಸಿದ್ದು ಅರ್ಧ ಪುಟದ ಒಂದು ಟಿಪ್ಪಣಿ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ, ಅಷ್ಟೆ. ನಾನು ಅವಳಿಗೆ ಕಲಿಸಿದ್ದಕ್ಕಿಂತ ಅವಳು ನನಗೆ ಕಲಿಸಿದ್ದೇ ಹೆಚ್ಚು. ಮೂಗಿನ ಎಡಗಡೆ ಮುಟ್ಟಿದರೆ ಅಮ್ಮ, ಮೂಗುಬೊಟ್ಟು ಇರುವವಳು. ಮಣಿಕಟ್ಟು ತಟ್ಟಿದರೆ ನಾನು, ಗಡಿಯಾರದ ಟೀಚರ್. ಕೆನ್ನೆಯ ಮೇಲೆ ಅಂಗೈ ಇಟ್ಟು ಬೆರಳು ಎತ್ತಿದರೆ ಅಷ್ಟು ರಾತ್ರಿ ಕಳೆದ ಮೇಲೆ. ಇದು ಯಾವ ಪುಸ್ತಕದ ಸಂಜ್ಞಾ ಭಾಷೆಯೂ ಅಲ್ಲ, ಅವರ ಮನೆಯಲ್ಲಿ ಹುಟ್ಟಿ ಬೆಳೆದ ಸನ್ನೆ. ಮೂರು ವರ್ಷದಲ್ಲಿ ಅವಳ ಮಾತು ನನಗೆ ಅವಳ ತಾಯಿಗಿಂತ ಚೆನ್ನಾಗಿ ತಿಳಿಯತೊಡಗಿತು. ಅದರ ಬಗ್ಗೆ ನನಗೊಂದು ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

2004ರಲ್ಲಿ ಅವಳಿಗೆ ಹತ್ತೊಂಬತ್ತು. ಒಂದು ಟೈಲರ್ ಅಂಗಡಿಯಲ್ಲಿ ಕಾಜಾ, ಗುಂಡಿ, ಸೀರೆಗೆ ಫಾಲ್ ಹೊಲಿಯುವ ಕೆಲಸ. ಒಂದು ಬೆಳಿಗ್ಗೆ ಅವಳ ತಾಯಿ ನಮ್ಮ ಮನೆ ಬಾಗಿಲಿಗೆ ಬಂದು, "ಟೀಚರಮ್ಮ, ಇವಳು ಹೇಳೋದು ನನಗೆ ಅರ್ಧ ತಿಳಿಯಲ್ಲ. ಸ್ಟೇಷನ್ನಿಗೆ ನೀವೇ ಬಂದು ಹೇಳ್ಬೇಕು" ಎಂದು ಅಳತೊಡಗಿದಳು. ಹೋದೆ.

ಠಾಣೆಯಲ್ಲಿ ರೈಟರ್ ಮೇಜಿನ ಮುಂದೆ ಅವಳು ನಿಂತು ಹೇಳಿದ್ದು ಇಷ್ಟು. ಎರಡು ತಿಂಗಳ ಸಂಬಳ ಬಾಕಿ ಇತ್ತು. ಸಂಜೆ ಕೆಲಸ ಮುಗಿಸಿ ಮನೆಗೆ ಹೋದವಳು ಏಳು ಗಂಟೆಗೆ ದುಡ್ಡು ಕೇಳಲು ಮತ್ತೆ ಹೋದಳು. ಕತ್ತಲಾಗಿತ್ತು. ಅಂಗಡಿಯ ಷಟರ್ ಅರ್ಧ ಇಳಿದಿತ್ತು. ತಾನೇ ಅದನ್ನು ಎತ್ತಿ ಒಳಗೆ ಹೋದಳು. ಅವನು ಆಗುವುದಿಲ್ಲ ಎಂದಾಗ ಸಿಟ್ಟಿನಿಂದ ಅಳತೆಕೋಲನ್ನು ಮೇಜಿಗೆ ಬಡಿದಳು. ಅವನು ಷಟರ್ ಕೆಳಗೆಳೆದ. ಮುಂದಿನದನ್ನು ಹೇಳುವಾಗಲೂ ಅವಳ ಕೈ ನಡುಗಲಿಲ್ಲ. ಎಲ್ಲಿ ಹಿಡಿದ, ಹೇಗೆ ಕಚ್ಚಿ ಬಿಡಿಸಿಕೊಂಡಳು, ಎಲ್ಲವನ್ನೂ ತೋರಿಸಿದಳು. ನಾನು ತಲೆ ತಗ್ಗಿಸಿದ್ದೆ.

ರೈಟರಿಗೆ ನಾನು ಹೇಳಿದ್ದು: "ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಹಿಡಿದುಕೊಂಡನಂತೆ."

ಯಾಕೆ ಹಾಗೆ ಹೇಳಿದೆ? ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಅದನ್ನೇ ಹೇಳುತ್ತಿದ್ದಿರಿ, ಅಲ್ಲವೆ? ಕತ್ತಲಾದ ಮೇಲೆ ಒಬ್ಬಳೇ ಯಾಕೆ ಹೋದಳು, ಇಳಿದ ಷಟರನ್ನು ಯಾಕೆ ಎತ್ತಿದಳು ಎಂಬ ಪ್ರಶ್ನೆಗಳು ಮುಂದೆ ಬರುತ್ತವೆಂದು ನನಗೆ ಗೊತ್ತಿತ್ತು. ಕೋಲು ಬಡಿದ ವಿಷಯ ಬಂದರಂತೂ 'ಬಾಯಿ ಸತ್ತ ಪಾಪದ ಹುಡುಗಿ' ಎಂಬ ಚಿತ್ರವೇ ಕೆಡುತ್ತಿತ್ತು. ನಾನು ಅವಳ ಮಾನ ಕಾಪಾಡುತ್ತಿದ್ದೇನೆಂದುಕೊಂಡೆ. ರೈಟರ್ ಬರೆದುಕೊಂಡರು. ನಾನೇ ಕಲಿಸಿದ ಅಕ್ಷರಗಳಲ್ಲಿ ಅವಳು ಕೆಳಗೆ ಸಹಿ ಹಾಕಿದಳು. ಮೇಲಿನ ಸಾಲುಗಳನ್ನು ಪೂರ್ತಿ ಓದಿ ತಿಳಿಯುವಷ್ಟು ಕನ್ನಡ ಅವಳಿಗೆ ಬರುತ್ತಿರಲಿಲ್ಲ.

ಕೋರ್ಟಿಗೆ ಬಂದದ್ದು ಒಂದೂವರೆ ವರ್ಷದ ಮೇಲೆ. ದುಭಾಷಿಯಾಗಿ ನನ್ನನ್ನೇ ಕರೆದರು. ಇಲ್ಲಿ ನನಗೂ ಪ್ರಮಾಣ ಮಾಡಿಸಿದರು. ಕಂಡದ್ದನ್ನು ಕಂಡ ಹಾಗೆ ತಿಳಿಸುತ್ತೇನೆಂದು ಹೇಳಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಅವಳು ಏಳು ಗಂಟೆ ಎಂದಳು, ಏಳು ಗಂಟೆ ಎಂದೆ. ಷಟರ್ ಎತ್ತಿದೆ ಎಂದಳು, ಎತ್ತಿದೆ ಎಂದೆ. ಅವನ ಕಡೆಯ ವಕೀಲರು ಠಾಣೆಯ ಹೇಳಿಕೆಯನ್ನು ಕೈಯಲ್ಲಿ ಹಿಡಿದು ಪಾಟೀಸವಾಲಿಗೆ ಎದ್ದರು. "ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ ಕೇಳಿ" ಎಂದರು.

ಆ ಪ್ರಶ್ನೆಯನ್ನು ಅವಳಿಗೆ ಸನ್ನೆಯಲ್ಲಿ ತಿಳಿಸಬೇಕಾದವಳು ನಾನೇ. ತಿಳಿಸಿದೆ. ಅವಳು ಎರಡು ಬೆರಳು ಎತ್ತಿ, ಎರಡು ಸಲವೂ ಒಂದೇ, ಎಂದಳು. ಅದನ್ನೂ ಹೇಳಿದೆ. ಆದರೆ ನಡುವೆ ಬಿಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಸರ್ಕಾರಿ ನೆರವಿನ ಶಾಲೆಯ ಉಪಾಧ್ಯಾಯಿನಿ, ಠಾಣೆಯಲ್ಲಿ ಸುಳ್ಳು ಬರೆಸಿದವಳು ಎಂದಾಗುತ್ತದಲ್ಲ ಎಂಬ ಅಂಜಿಕೆ. ಆ ದಿನ ಅಲ್ಲಿ ಮಾತು ಬಾರದವಳು ಎಲ್ಲವನ್ನೂ ಹೇಳಿದ್ದಳು, ಮೂಕಸಾಕ್ಷಿಯಾಗಿದ್ದವಳು ನಾನು. ಹೇಳಿಕೆಗಳಲ್ಲಿ ವ್ಯತ್ಯಾಸವಿದೆಯೆಂದು ಸಂಶಯದ ಲಾಭ ಕೊಟ್ಟು ಅವನನ್ನು ಬಿಟ್ಟರು.

ಪೂರ್ತಿ ಹೇಳಿದ್ದರೆ ಅವನಿಗೆ ಶಿಕ್ಷೆಯಾಗುತ್ತಿತ್ತೆ? ಹಾಗೆಂದು ನಾನು ವಾದಿಸಲಾರೆ. ಠಾಣೆಯಲ್ಲೇ ಬುದ್ಧಿ ಹೇಳಿ ಕಳಿಸಿಬಿಡುತ್ತಿದ್ದರೇನೋ. ಆದರೆ ನನ್ನನ್ನು ಕಾಡುವ ಪ್ರಶ್ನೆ ಗೆದ್ದದ್ದು ಸೋತದ್ದರದಲ್ಲ. ಇನ್ನೊಬ್ಬರ ಪರವಾಗಿ ಮಾತನಾಡುವವರಿಗೆ ಆ ಮಾತನ್ನು ಒಪ್ಪಮಾಡುವ ಹಕ್ಕು ಇದೆಯೆ? ಅವರ ಒಳ್ಳೆಯದಕ್ಕೇ ಆದರೂ? ಬಾಯಿ ಇದ್ದವರ ಮಾತನ್ನು ನಾವು ತಿರುಚಿದರೆ ಅವರು ತಟ್ಟನೆ, "ನಾನು ಹಾಗೆ ಹೇಳಲಿಲ್ಲ" ಎನ್ನುತ್ತಾರೆ. ಅವಳು ಹಾಗೆನ್ನಬೇಕಾದರೂ ನನ್ನ ಬಾಯಿಯಿಂದಲೇ ಅನ್ನಬೇಕು. ಆಭರಣವನ್ನು ನಂಬಿ ಇಟ್ಟುಕೊಳ್ಳಲು ಕೊಟ್ಟವರಿಗೆ ಒಂದೆರಡು ಕಾಸು ಕಡಿಮೆ ಮಾಡಿ ಕೊಟ್ಟರೆ ಅದನ್ನು ಕಳ್ಳತನ ಎನ್ನುತ್ತೇವೆ. ಮಾತಿಗೂ ಆ ಲೆಕ್ಕ ಬೇಡವೆ?

ಈ ತಪ್ಪು ನನ್ನೊಬ್ಬಳದೇ ಅಲ್ಲವೆಂದು ತಿಳಿದದ್ದು ಆಮೇಲೆ, ನಮ್ಮ ಬೀದಿಯಲ್ಲೇ ಇರುವ ವಕೀಲೆಯೊಬ್ಬರಲ್ಲಿ ಸಂಕೋಚ ಬಿಟ್ಟು ಕೇಳತೊಡಗಿದ ಮೇಲೆ. ರಾಜಸ್ಥಾನದ ಒಂದು ಕೊಲೆ ಪ್ರಕರಣದಲ್ಲಿ ಸತ್ತವನ ಹೆಂಡತಿಯೇ ಸಾಕ್ಷಿ. ಆಕೆಗೂ ಕಿವಿ ಕೇಳದು, ಮಾತು ಬಾರದು. ಆಕೆಯ ತಂದೆಯೇ ದುಭಾಷಿಯಾಗಿ ನಿಂತರು. ಅವರಿಗೆ ಪ್ರಮಾಣ ಮಾಡಿಸಿರಲಿಲ್ಲ, ಆಕೆಯ ಸನ್ನೆಗಳನ್ನು ಬರೆದಿಟ್ಟಿರಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟು, ಮಾತು ಬಾರದವರು ಖಂಡಿತ ಸಾಕ್ಷಿಯಾಗಬಹುದು, ಆದರೆ ದುಭಾಷಿಯ ಮಾತಿನ ಜೊತೆಗೆ ಸಾಕ್ಷಿಯ ಸನ್ನೆಯೂ ದಾಖಲಾಗಬೇಕು ಎಂದಿತು. ಆರೋಪಿಯ ಬಿಡುಗಡೆಯನ್ನು ಎತ್ತಿಹಿಡಿಯಿತು. ಸನ್ನೆಯೂ ದಾಖಲಾಗಬೇಕು ಎಂಬ ಮಾತನ್ನು ಕೇಳಿ ನಾನು ಆ ಮನೆಯಲ್ಲಿ ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದು ಬಂದೆ. ನಮ್ಮ ಠಾಣೆಯಲ್ಲಿ ಅಂದು ಅವಳ ಏಳು ಬೆರಳುಗಳನ್ನು ಯಾರಾದರೂ ಚಿತ್ರ ಹಿಡಿದಿದ್ದರೆ ನನ್ನ ಉಪಕಾರ ನಡೆಯುತ್ತಿರಲಿಲ್ಲ.

ಕಾನೂನು ಆಗಲೂ ಇರಲಿಲ್ಲವೆಂದಲ್ಲ. ಮಾತು ಬಾರದವರು ಬರೆದಾಗಲಿ ಸನ್ನೆ ಮಾಡಿಯಾಗಲಿ ಕೋರ್ಟಿನಲ್ಲಿ ಹೇಳಿದರೆ ಅದು ಬಾಯಿಮಾತಿನ ಸಾಕ್ಷ್ಯವೇ ಎಂದು 1872ರ ಸಾಕ್ಷ್ಯ ಅಧಿನಿಯಮದ 119ನೆಯ ಕಲಮಿನಲ್ಲೇ ಇತ್ತು. ಬ್ರಿಟಿಷರು ಬರೆದಿಟ್ಟ ಮಾತು ನೂರಮೂವತ್ತು ವರ್ಷವಾದರೂ ನಮ್ಮೂರಿನ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಘೋರದ ನಂತರ, 2013ರ ತಿದ್ದುಪಡಿ ಬಂತು. ಲೈಂಗಿಕ ಅಪರಾಧಕ್ಕೆ, ಆಸಿಡ್ ದಾಳಿಗೆ ಗುರಿಯಾದ ಹೆಣ್ಣಿಗೆ ಅಂಗವೈಕಲ್ಯವಿದ್ದರೆ ಅವಳು ಠಾಣೆಗೆ ಅಲೆಯಬೇಕಾಗಿಲ್ಲ. ಪೊಲೀಸರೇ ಅವಳ ಮನೆಗೆ ಅಥವಾ ಅವಳು ಹೇಳಿದ ಅನುಕೂಲದ ಜಾಗಕ್ಕೆ ಬಂದು, ಮಹಿಳಾ ಅಧಿಕಾರಿಯೇ ದೂರು ಬರೆದುಕೊಳ್ಳಬೇಕು. ದುಭಾಷಿಯೋ ವಿಶೇಷ ಶಿಕ್ಷಕರೋ ಜೊತೆಗಿರಬೇಕು. ವಿಡಿಯೋ ಆಗಬೇಕು. ಮ್ಯಾಜಿಸ್ಟ್ರೇಟರ ಮುಂದೆ ಕೊಡುವ ಹೇಳಿಕೆಗೂ ಹೀಗೆಯೇ. ಅದನ್ನೇ ಮುಖ್ಯ ಸಾಕ್ಷ್ಯವೆಂದು ತೆಗೆದುಕೊಂಡರೆ ಅವಳು ಕಥೆಯನ್ನು ಮೊದಲಿನಿಂದ ಮತ್ತೆ ಹೇಳಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇವು ಉಳಿದಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ಅವರವರಿಗೆ ಒಗ್ಗುವ ಭಾಷೆಯಲ್ಲೇ ಸಾಕ್ಷ್ಯ ದಾಖಲಿಸಲು ಸರ್ಕಾರ ಅನುಕೂಲ ಮಾಡಿಕೊಡಬೇಕೆನ್ನುತ್ತದೆ. ವಕೀಲರಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಹೆಂಗಸರಿಗೂ ವಿಕಲಚೇತನರಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಇಷ್ಟನ್ನು ನಿಮ್ಮ ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಯಾರ ಮನೆಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು.

ದೂರು ಬರೆದುಕೊಳ್ಳುವಾಗಿನ ಈ ಏರ್ಪಾಡು ಆ ಕೆಲವು ಅಪರಾಧಗಳಿಗೆ ಮಾತ್ರ ಎಂಬುದು ನನಗೆ ಸರಿಕಾಣುವುದಿಲ್ಲ. ಪಿಂಚಣಿ ದುಡ್ಡು ಕಸಿದುಕೊಂಡ ಅಣ್ಣನ ಮೇಲೆ, ದಿನಾ ಹೊಡೆಯುವ ಗಂಡನ ಮೇಲೆ ದೂರು ಕೊಡಲು ಹೋದವಳಿಗೆ ದುಭಾಷಿ ಬೇಡವೆ?

ಕಣ್ಣು ಕಾಣದವರ ಪಾಡು ಬೇರೆ ಬಗೆಯದು. "ನೋಡೇ ಇಲ್ಲ, ಇವನೇ ಎಂದು ಹೇಗೆ ಹೇಳುತ್ತೀಯ?" ಎಂಬುದು ಅವರಿಗೆ ಮೊದಲು ಬರುವ ಪ್ರಶ್ನೆ. ಆಂಧ್ರಪ್ರದೇಶದಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ದಲಿತ ಹೆಣ್ಣುಮಗಳು ತನ್ನ ಮೇಲೆ 2011ರಲ್ಲಿ ಅತ್ಯಾಚಾರ ಮಾಡಿದವನನ್ನು ದನಿಯಿಂದ ಗುರುತಿಸಿದಳು. ಅವನು ಅವಳ ಅಣ್ಣತಮ್ಮಂದಿರ ಪರಿಚಯದವನು, ಮನೆಗೆ ಬಂದುಹೋಗುತ್ತಿದ್ದವನು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಂದ್ರಚೂಡರು ಬರೆದ ತೀರ್ಪಿನಲ್ಲಿ ಅತ್ಯಾಚಾರಕ್ಕಾಗಿ ಅವನಿಗೆ ಕೊಟ್ಟಿದ್ದ ಜೀವಾವಧಿ ಶಿಕ್ಷೆ ಉಳಿಯಿತು. ವೈಕಲ್ಯವಿದೆಯೆಂಬ ಮಾತ್ರಕ್ಕೆ ಅವರ ಸಾಕ್ಷ್ಯ ಕಡಿಮೆ ತೂಕದ್ದಲ್ಲ ಎಂಬುದು ಸ್ಪಷ್ಟವಾಯಿತು. ನಾವು ಕತ್ತಲ ಮನೆಯಲ್ಲಿ ಕೂತು ಗಂಡ ಬಂದನೋ ಮಗ ಬಂದನೋ ಹೆಜ್ಜೆ ಸಪ್ಪಳದಲ್ಲೇ ಹೇಳುತ್ತೇವೆ. ಆಗ ಯಾರೂ ಪುರಾವೆ ಕೇಳುವುದಿಲ್ಲ.

ಬುದ್ಧಿ ನಿಧಾನವಾಗಿರುವ ಮಕ್ಕಳ ತಾಯಂದಿರನ್ನು ನೋಡಿದ್ದೇನೆ. "ನಿನ್ನ ಹೆಸರೇನಮ್ಮಾ?" ಎಂದು ಮಗುವನ್ನು ಕೇಳಿದರೆ ತಾಯಿಯೇ ಉತ್ತರ ಹೇಳಿಬಿಡುತ್ತಾಳೆ. ಮಗು ಬಾಯಿ ತೆರೆದು ಹೇಳುವಷ್ಟು ಹೊತ್ತು ಕಾಯುವ ಸಹನೆ ಪ್ರೀತಿಗೆ ಇರುವುದಿಲ್ಲ. ನನ್ನ ತಾಯಿಗೆ ಲಕ್ವ ಹೊಡೆದು ಮಾತು ತೊದಲತೊಡಗಿದಾಗ ನಾವು ಅಕ್ಕತಂಗಿಯರೂ ಡಾಕ್ಟರಿಗೆ ಎಲ್ಲವನ್ನೂ ನಾವೇ ಹೇಳುತ್ತಿದ್ದೆವು. ಎಲ್ಲಿ ನೋವೆಂದು ಕೂಡ. ಒಂದು ಸಲ ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಪಕ್ಕಕ್ಕೆ ಸರಿಸಿದಳು. ಆಗ ನಾನು ಅದನ್ನು ಕಾಯಿಲೆಯ ಸಿಡುಕೆಂದುಕೊಂಡೆ.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾರಾ ಸನ್ನಿ ಎಂಬ, ಕಿವಿ ಕೇಳಿಸದ ವಕೀಲೆ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ಸಂಜ್ಞಾ ಭಾಷೆಯಲ್ಲಿ ವಾದ ಮಂಡಿಸಿದರು. ಪತ್ರಿಕೆಯಲ್ಲಿ ಆ ಸುದ್ದಿ ಬಂದ ದಿನ ಅದನ್ನು ಕತ್ತರಿಸಿಕೊಂಡು ಅವಳ ಮನೆಗೆ ಹೋದೆ. ಅವಳಿಗೀಗ ನಲವತ್ತರ ಹತ್ತಿರ. ಸ್ವಂತ ಮೆಷೀನು ಇದೆ, ಬೀದಿಯ ರವಿಕೆಗಳೆಲ್ಲ ಅವಳಲ್ಲೇ. ಮದುವೆಯಾಗಿದೆ, ಕೇಳಿಸುವ ಒಬ್ಬಳು ಮಗಳಿದ್ದಾಳೆ. ಫೋಟೋ ತೋರಿಸಿ ವಿಷಯ ತಿಳಿಸಿದೆ. ಅವಳು ಫೋಟೋದ ಮೇಲೆ ಬೆರಳಿಟ್ಟು, ಹೇಳುವವರು ಎಲ್ಲಾ ಹೇಳಿದರೇ, ಎಂದು ಕೇಳಿದಳು.

ಇಪ್ಪತ್ತು ವರ್ಷದಿಂದ ಹೇಳಬೇಕೆಂದಿದ್ದುದನ್ನು ಅಂದು ಹೇಳಿದೆ. ಠಾಣೆಯಲ್ಲಿ ಷಟರಿನ ಮಾತು, ಕೋಲಿನ ಮಾತು ಬಿಟ್ಟವಳು ನಾನು ಎಂದೆ. ಕೋರ್ಟಿನಲ್ಲೂ ಸುಮ್ಮನಿದ್ದೆ ಎಂದೆ. ನನ್ನ ಕೈಗೆ ಆ ಸನ್ನೆಗಳು ಮರೆತುಹೋಗಿದ್ದವು, ತಡವರಿಸಿದೆ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ದಿನವೇ ಗೊತ್ತು ಎಂದಳು. ನಾನು ಅಷ್ಟು ಹೊತ್ತು ಕೈ ಆಡಿಸಿದೆ, ನಿಮ್ಮ ತುಟಿ ಒಂದೇ ಸಲ ಅಲ್ಲಾಡಿತು, ಎಂದು ಅಭಿನಯಿಸಿ ತೋರಿಸಿದಳು. ಮತ್ತೆ ಯಾಕೆ ಸಹಿ ಹಾಕಿದೆ ಎಂದು ಕೇಳಿದೆ. ಮಣಿಕಟ್ಟು ತಟ್ಟಿದಳು. ಟೀಚರ್ ಹೇಳಿದಿರಿ, ಹಾಕಿದೆ.