ಹುಲಿಗೆ ಕಣ್ಣು ಬರೆಯುವಾಗ

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮೂವತ್ತು ದಾಟಿದೆ, ಕೈತುಂಬ ಸಂಬಳ ಬರುತ್ತದೆ, ಮದುವೆಯ ಮಾತುಕತೆ ನಡೆಯುತ್ತಿದೆ. ಒಮ್ಮೆ ಹೆಣ್ಣಿನ ಕಡೆಯವರು ಮನೆ ನೋಡಲು ಬಂದವರು ಅವನ ಕೋಣೆಯ ಗಾಜಿನ ಬೀರುವಿನ ಮುಂದೆ ನಿಂತುಬಿಟ್ಟರಂತೆ. ಒಳಗೆ ಹೆಬ್ಬೆರಳಿಗಿಂತ ಚಿಕ್ಕ ಬೊಂಬೆಗಳ ಸಾಲು: ಕೊಡಲಿ ಹಿಡಿದ ಕುಳ್ಳರು, ರೆಕ್ಕೆ ಬಿಚ್ಚಿದ ಸರ್ಪಗಳು, ಮಂತ್ರದಂಡ ಹಿಡಿದ ಮುದುಕರು, ಕೋರೆಹಲ್ಲಿನ ರಾಕ್ಷಸರು. "ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ?" ಎಂದು ಕೇಳಿದ್ದಾರೆ. "ಇಲ್ಲ, ಅವು ನನ್ನವು. ಬಣ್ಣ ಹಾಕಿದ್ದೂ ನಾನೇ" ಎಂದಿದ್ದಾನೆ ಇವನು. ಸಂಬಂಧ ಅಲ್ಲಿಗೇ ನಿಂತಿತು. ಅದೊಂದೇ ಕಾರಣವಲ್ಲ ಎಂದು ನನ್ನ ತಮ್ಮ ಹೇಳುತ್ತಾನೆ. ಅದೊಂದೇ ಕಾರಣ ಎಂದು ಅವನ ಹೆಂಡತಿ. "ನೀವಾದ್ರೂ ಅವನಿಗೆ ಬುದ್ಧಿ ಹೇಳಿ ಅತ್ತಿಗೆ, ನೀವು ಟೀಚರು" ಎಂದು ಆಕೆ ಫೋನಿನಲ್ಲಿ ಅಳುವ ದನಿ ತೆಗೆದಳು. ಟೀಚರ ಬಳಿ ಬುದ್ಧಿ ಸದಾ ದಾಸ್ತಾನಿರುತ್ತದೆ ಎಂದು ಜನ ನಂಬಿರುವುದು ನಮ್ಮ ಪುಣ್ಯವೋ ಕರ್ಮವೋ.

2024ರ ದಸರಾ ರಜೆಗೆ ಹುಡುಗ ಕೊಳ್ಳೇಗಾಲಕ್ಕೆ ಬಂದ. ಬರುವಾಗ ಒಂದು ಡಬ್ಬಿ, ಪುಟ್ಟ ಪುಟ್ಟ ಬಣ್ಣದ ಶೀಶೆಗಳು, ನಾಲ್ಕೆಳೆ ಕೂದಲಿನ ಬ್ರಷ್ಷು ತಂದಿದ್ದ. ಬುದ್ಧಿ ಹೇಳುವ ಮೊದಲು ವಿಷಯ ತಿಳಿದುಕೊಳ್ಳೋಣ ಎಂದು ಪಕ್ಕದಲ್ಲಿ ಕುಳಿತೆ. ಈ ಕಾಯಿಗಳು ಅಂಗಡಿಯಿಂದ ಬರುವಾಗ ಬೂದು ಬಣ್ಣದ ಪ್ಲಾಸ್ಟಿಕ್ ಅಷ್ಟೆ. ಎತ್ತರ ಹೆಚ್ಚೆಂದರೆ 28 ಮಿಲಿಮೀಟರ್. ಮೊದಲು ಬಣ್ಣ ಹಿಡಿಯಲೆಂದು ಒಂದು ಅಸ್ತರು. ಅದರ ಮೇಲೆ ಮೂಲ ಬಣ್ಣ. ಆಮೇಲೆ ನೀರಾಗಿ ಕಲಸಿದ ಗಾಢ ಬಣ್ಣ ಸುರಿದರೆ ಅದು ಬಟ್ಟೆಯ ನೆರಿಗೆಗಳಲ್ಲಿ, ಮುಖದ ಗೆರೆಗಳಲ್ಲಿ ಇಳಿದು ನೆರಳಾಗಿ ನಿಲ್ಲುತ್ತದೆ. ಕೊನೆಗೆ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಗಿದ ಬ್ರಷ್ಷಿನಿಂದ ಸವರಿದರೆ ಉಬ್ಬಿದ ಅಂಚುಗಳಿಗೆ ಮಾತ್ರ ಬೆಳಕು ಹತ್ತುತ್ತದೆ. ನಮ್ಮದು ಮಗ್ಗದ ಊರು. ರೇಷ್ಮೆ ಸೀರೆಯ ಅಂಚಿನ ಒಂದೆಳೆ ತಪ್ಪಿದರೆ ನೇಯುವವರ ಮುಖ ಹೇಗಾಗುತ್ತದೆಂದು ನೋಡುತ್ತ ಬೆಳೆದವರಿಗೆ ಕೈಕೆಲಸದ ಶ್ರದ್ಧೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಒಬ್ಬ ಕುಳ್ಳನ ಬೆಲ್ಟಿನ ಕೊಂಡಿಗೆ ಚಿನ್ನದ ಬಣ್ಣ ಇಡುವಾಗ ನಾನೂ ಉಸಿರು ಬಿಗಿಹಿಡಿದಿದ್ದೆ.

ಇಷ್ಟಾದ ಮೇಲೆ ಇವೆಲ್ಲ ಹಾಸಿನ ಮೇಲೆ ಹೋಗಿ ಹೊಡೆದಾಡುತ್ತವೆ. ಇಪ್ಪತ್ತು ಮುಖದ ದಾಳವಂತೆ, ಅದು ಉರುಳಿ ಹೇಳಿದವನು ಸಾಯುತ್ತಾನೆ. "ಮೂರು ವಾರ ಕೂತು ಬಣ್ಣ ಬರೆದವನನ್ನ ಒಂದೇ ದಾಳಕ್ಕೆ ಸಾಯಿಸ್ತೀಯಲ್ಲೋ?" ಎಂದೆ. "ಸಾಯೋದಿಲ್ಲ ಅತ್ತೆ, ಡಬ್ಬಿಗೆ ಹೋಗ್ತಾನೆ" ಎಂದು ನಕ್ಕ.

ಬುದ್ಧಿ ಹೇಳುವುದು ಅಲ್ಲಿಗೆ ತಪ್ಪಿತು. ದೊಡ್ಡವರು ಆಡಬಹುದೇ ಎನ್ನುವ ಪ್ರಶ್ನೆಯಲ್ಲಿ ನನಗೆ ಸಂಶಯ ಉಳಿದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಆಡಳಿತವನ್ನು ಇಂಗ್ಲಿಷರು ಕಿತ್ತುಕೊಂಡರು. ಆ ದೊರೆ ಚದುರಂಗ, ಗಂಜೀಫ, ಹೊಸ ಹೊಸ ಹಾಸುಗಳಲ್ಲಿ ತನ್ನ ಬುದ್ಧಿಯನ್ನು ಆಡಿಸಿದರು. ದಶಾವತಾರ ಗಂಜೀಫ ಎಂದರೆ 120 ದುಂಡು ಎಲೆಗಳು, ಪ್ರತಿಯೊಂದರ ಮೇಲೂ ಕೈಯಿಂದಲೇ ಬರೆದ ಚಿತ್ರ. ರಾಜ್ಯ ಹೋದವರಿಗೆ ಹಾಸಿನ ಮೇಲಾದರೂ ಒಂದು ರಾಜ್ಯ ಬೇಕಾಗುತ್ತದೆ. ಯಳಂದೂರಿನ ನಮ್ಮ ತವರಿನಲ್ಲಿ ಒಬ್ಬ ಸೋದರತ್ತೆ ಇದ್ದರು, ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡವರು. ನವರಾತ್ರಿಗೆ ಮುಂಚೆ ಬಣ್ಣ ಮಾಸಿದ ಪಟ್ಟದ ಬೊಂಬೆಗಳಿಗೆ ಹುಬ್ಬು, ತುಟಿ ತಿದ್ದುತ್ತಿದ್ದವರು ಅವರೇ. ಆರತಿಯ ಹೊತ್ತಿಗೆ ಹಿತ್ತಲಿಗೆ ಹೋಗುತ್ತಿದ್ದವರೂ ಅವರೇ. ಆದರೆ ಮಧ್ಯಾಹ್ನ ಗಂಡಸರು ಮಲಗಿದ ಮೇಲೆ ನಡುಮನೆಯ ನೆಲದಲ್ಲಿ ಸೀಮೆಸುಣ್ಣದ ಚೌಕಾಬಾರದ ಮನೆ ಬರೆದು ಕವಡೆ ಹಿಡಿದರೆಂದರೆ, ಅವರ ದನಿ ಬದಲಾಗುತ್ತಿತ್ತು. "ಹೊಡೆದೆ ನೋಡು ನಿನ್ನ ಕಾಯಿ!" ಎಂದು ತೊಡೆ ತಟ್ಟಿದ್ದನ್ನು ನಾನೇ ಕಂಡಿದ್ದೇನೆ. ಅವರು ಜೋರಾಗಿ ನಗುತ್ತಿದ್ದುದು ಅಲ್ಲಿ ಮಾತ್ರ.

ಹಾಗಾಗಿ, "ಅಷ್ಟು ಹೊತ್ತಿನಲ್ಲಿ ಎರಡು ಸೇರು ಹಪ್ಪಳ ಒತ್ತಬಹುದಿತ್ತಲ್ಲ" ಎಂದು ಯಾರಾದರೂ ಹೇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನನ್ನು ಕಾಡುವುದು ಬೇರೆ ಮಾತು. ಹೊಡೆಯುವ, ಕೊಲ್ಲುವ ಆಟವನ್ನು ಇಷ್ಟು ಪ್ರೀತಿಯಿಂದ ಆಡಿದರೆ ಮನಸ್ಸಿಗೆ ಏನಾಗುತ್ತದೆ? ಹಗೆ ಅಲ್ಲಿ ಸೋರಿಹೋಗುತ್ತದೆಯೇ, ಅಥವಾ ಅಭ್ಯಾಸವಾಗುತ್ತದೆಯೇ?

ಹುಡುಗ ಹೋಗುವಾಗ ಅರ್ಧ ಶೀಶೆ ಬಣ್ಣಗಳನ್ನೂ ಎರಡು ಬ್ರಷ್ಷುಗಳನ್ನೂ ನನಗೆ ಬಿಟ್ಟುಹೋದ. ಅವನ ರಾಕ್ಷಸರು ನನಗೆ ಬೇಡವಾಗಿತ್ತು. ನಲ್ಲಿ ಸೋರಿದರೆ ಮೆತ್ತುವ ಎಂ-ಸೀಲ್ ಇದೆಯಲ್ಲ, ಅದನ್ನು ನಾದಿ, ಹುಲಿ-ಕುರಿ ಆಟಕ್ಕೆ ಮೂರು ಹುಲಿ, ಹದಿನೈದು ಕುರಿ ಮಾಡಿದೆ. ಅರ್ಧ ಗಂಟೆಯೊಳಗೆ ಆಕಾರ ತಂದರೆ ಸರಿ, ಆಮೇಲೆ ಕಲ್ಲಾಗುತ್ತದೆ. ಮೊದಲ ಹುಲಿ ಬೆಕ್ಕಿನಂತಾಯಿತು, ಇರಲಿ ಎಂದು ಬಿಟ್ಟೆ. ಕಿತ್ತಳೆ ಬಣ್ಣ, ಕಂದು ನೆರಳು, ಕಪ್ಪು ಪಟ್ಟೆ. ಕಣ್ಣು ಕೊನೆಗೆ. ಶಿಲ್ಪಿಗಳೂ ಮೂರ್ತಿಯ ಕಣ್ಣು ತೆರೆಸುವುದು ಕೊನೆಗೇ ಅಲ್ಲವೆ? ಹಳದಿಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಬಿದ್ದ ಕೂಡಲೇ ಅಲ್ಲಿಯವರೆಗೆ ಎಂ-ಸೀಲ್ ಆಗಿದ್ದದ್ದು ನನ್ನನ್ನು ನೋಡತೊಡಗಿತು. ಕುರಿಗಳಿಗೆ ಮೊದಲು ಎಲ್ಲಕ್ಕೂ ಒಂದೇ ಬಿಳಿ ಬಳಿದೆ. ಆಮೇಲೆ ಹಾಜರಿ ಪುಸ್ತಕ ಹಿಡಿದು ಮೂವತ್ತು ವರ್ಷ ಕಳೆದ ಕೈ ಸುಮ್ಮನಿರಲಿಲ್ಲ. ಒಂದಕ್ಕೆ ಕರಿಮೂತಿ, ಒಂದಕ್ಕೆ ಕಂದು ಮಚ್ಚೆ, ಒಂದರ ಕಿವಿ ಮುರಿದಿತ್ತು, ಅದು ಹರಿದ ಕಿವಿಯದೇ ಆಯಿತು.

ಹೀಗೆ ಗುರುತಾದ ಮೇಲೆ ಆಟವೇ ಬೇರೆಯಾಯಿತು. ಹುಣಸೆಬೀಜ, ಕಲ್ಲು ಇಟ್ಟು ಆಡುವಾಗ ಹುಲಿಯ ಬಾಯಿಗೆ ಒಂದೆರಡು ಕುರಿ ಕೊಡುವುದು ಜಾಣತನ. ಈಗ ಹರಿದ ಕಿವಿಯ ಕುರಿಯನ್ನು ಕೊಡುವಾಗ ಕೈ ತಡೆಯುತ್ತದೆ. ಆದರೂ ಕೊಡುತ್ತೇನೆ, ಏಕೆಂದರೆ ಸೋಲುವುದು ನನಗೂ ಇಷ್ಟವಿಲ್ಲ. ಬಣ್ಣ ಬಳಿದ ಮಾತ್ರಕ್ಕೆ ಕರುಣೆ ಬರುತ್ತದೆಂದು ಹೇಳಲಾರೆ. ಏನು ಮಾಡುತ್ತಿದ್ದೇನೆಂಬುದು ಕಣ್ಣಿಗೆ ಕಾಣುತ್ತದೆ, ಅಷ್ಟೆ.

ಆಟದ ನಿಯಮಗಳನ್ನು ನಾವು ಯೋಚಿಸದೆ ಕಲಿತುಬಿಡುತ್ತೇವೆ. ಚೌಕಾಬಾರದಲ್ಲಿ ಎದುರಾಳಿಯ ಒಂದಾದರೂ ಕಾಯಿಯನ್ನು ಹೊಡೆಯದೆ ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ, ಹಣ್ಣಾಗುವಂತಿಲ್ಲ. ಎಂಥ ನಿಯಮ ನೋಡಿ! ಎಷ್ಟೇ ಸಾಧುವಾಗಿ ಹೊರಗೆ ಸುತ್ತಿದರೂ ಪ್ರಯೋಜನವಿಲ್ಲ, ಒಬ್ಬರನ್ನು ಬೀಳಿಸಿಯೇ ಮುಂದೆ ಹೋಗಬೇಕು. ಹುಲಿ-ಕುರಿ ಹಾಗಲ್ಲ. ಹುಲಿ ಕುರಿಯ ಮೇಲಿಂದ ಹಾರಿ ಅದನ್ನು ತಿನ್ನಬಹುದು. ಆದರೆ ಕುರಿ ಹುಲಿಯನ್ನು ಕೊಲ್ಲುವ ನಡೆಯೇ ಇಲ್ಲ. ಹದಿನೈದು ಕುರಿಗಳೂ ಒಂದಕ್ಕೊಂದು ಒತ್ತಾಗಿ ನಿಂತು ಹುಲಿಗೆ ಹೆಜ್ಜೆ ಇಡಲು ಜಾಗವಿಲ್ಲದಂತೆ ಕಟ್ಟಿಹಾಕಬೇಕು. ಅದೇ ಗೆಲುವು. ಅದಾದ ಮೇಲೆ ಹಾಸು ತಿರುಗಿಸಿ, ಕುರಿಯವರು ಹುಲಿಯಾಗಿ, ಹುಲಿಯವರು ಕುರಿಯಾಗಿ ಮತ್ತೆ ಆಡುತ್ತಾರೆ. ಈ ಆಟ ಆಡುತ್ತ ಬಂದವರು ಮೈಸೂರಿನ ಅರಮನೆಯವರಷ್ಟೇ ಅಲ್ಲ. ದನ ಮೇಯಿಸುತ್ತ ಬಂಡೆಯ ಮೇಲೆ ಗೆರೆ ಕೊರೆದವರು, ನಿಜವಾದ ಹುಲಿ ನಿಜವಾದ ಕುರಿಯನ್ನು ಹೊತ್ತುಕೊಂಡು ಹೋದದ್ದನ್ನು ಕಂಡವರು. ಅಂಥವರ ಆಟದಲ್ಲಿ ಹುಲಿ ಸಾಯುವುದಿಲ್ಲ ಎನ್ನುವುದು ನನಗೆ ಸಣ್ಣ ಮಾತಾಗಿ ಕಾಣಲಿಲ್ಲ. ನಮ್ಮ ಮಾದಪ್ಪನ ವಾಹನವೂ ಹುಲಿಯೇ. ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರಲ್ಲಿ 108 ಅಡಿ ಎತ್ತರದ ಮೂರ್ತಿ ಅನಾವರಣವಾಯಿತು. ಅಲ್ಲಿಯೂ ಅವನು ಹುಲಿಯ ಮೇಲೆ ಕುಳಿತಿದ್ದಾನೆ, ಹುಲಿಯನ್ನು ಕೊಂದು ಅದರ ಮೇಲೆ ನಿಂತಿಲ್ಲ.

ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. ನೆಲದ ಮೇಲೆ ತವರದ ಸಿಪಾಯಿಗಳನ್ನು ನಿಲ್ಲಿಸಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಹೊಡೆದು ಉರುಳಿಸುವ ಆಟದ ನಿಯಮಗಳು ಅವು. ನಮ್ಮ ಹುಡುಗನ ಹವ್ಯಾಸದ ಮೂಲಗಳಲ್ಲಿ ಅದೂ ಒಂದು. ಯುದ್ಧದ ಚಪಲವಿರುವ ದೊಡ್ಡ ಮನುಷ್ಯರೆಲ್ಲ ಈ ಆಟ ಆಡಿಕೊಂಡಿರಲಿ, ನಿಜವಾದ ಯುದ್ಧಕ್ಕಿಂತ ಇದು ಎಷ್ಟೋ ವಾಸಿ ಎಂಬುದು ಅವರ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಆಟ ಯುದ್ಧವನ್ನು ತಡೆಯುತ್ತದೆ ಎನ್ನುವವರಿಗೆ ಇಸವಿಗಳೇ ಉತ್ತರ ಹೇಳುತ್ತವೆ. ಆಟದಿಂದಲೇ ಯುದ್ಧ ಬಂತೆನ್ನುವುದೂ ಅಷ್ಟೇ ಪೊಳ್ಳು. ಆಟ ಆಡದವರೇ ಹೆಚ್ಚು ಕ್ರೂರರು ಎಂದು ನನಗೆ ಕೆಲವೊಮ್ಮೆ ಅನ್ನಿಸುವುದುಂಟು, ಆದರೆ ಅದಕ್ಕೆ ಪುರಾವೆ ಎಂದರೆ ನಾನು ಕಂಡ ಇಬ್ಬರು ಮೂವರು ಅಧಿಕಾರಿಗಳು ಮಾತ್ರ.

ಇಷ್ಟು ದೂರ ಯೋಚಿಸಿ, ನಮ್ಮ ಹುಲಿ-ಕುರಿಯ ಆಟದಲ್ಲಿ ಏನೋ ಒಂದು ಧರ್ಮವಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. 2025ರ ಜೂನ್ ಕೊನೆಯಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ಅರಣ್ಯ ವಲಯದಿಂದ ಸುದ್ದಿ ಬಂತು. ಒಂದು ತಾಯಿ ಹುಲಿ, ನಾಲ್ಕು ಮರಿಗಳು, ಐದೂ ಸತ್ತುಬಿದ್ದಿದ್ದವು. ಹುಲಿ ಒಂದು ಹಸುವನ್ನು ಕೊಂದಿತ್ತಂತೆ. ಆ ಸಿಟ್ಟಿಗೆ ಹಸುವಿನ ಕಳೇಬರಕ್ಕೇ ವಿಷ ಬೆರೆಸಲಾಗಿತ್ತು ಎಂದು ತನಿಖೆಯಲ್ಲಿ ಹೊರಬಂತು. ತಾಯಿ ತಿಂದಿತು, ಮಕ್ಕಳಿಗೂ ಉಣಿಸಿತು. ಸ್ಟಾಫ್ ರೂಮಿನಲ್ಲಿ ಪತ್ರಿಕೆ ಹಿಡಿದು ನಾವೆಲ್ಲ ಕಣ್ಣೀರು ಹಾಕಿದೆವು. ಯಾರಿಗೂ ಆ ಹಸುವಿನ ಬಣ್ಣ ಯಾವುದೆಂದು ಕೇಳಬೇಕೆನಿಸಲಿಲ್ಲ. ಪಟ್ಟಣದಲ್ಲಿ ಕುಳಿತವರಿಗೆ ಹುಲಿಯ ಕಡೆ ಕೂರುವುದು ಸುಲಭ. ನಮ್ಮ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ.

ನನ್ನ ಎಂಟನೆಯ ತರಗತಿಯಲ್ಲಿ ಹನೂರು ಕಡೆಯ, ಕಾಡಂಚಿನ ಹಳ್ಳಿಯ ಹುಡುಗಿಯೊಬ್ಬಳಿದ್ದಾಳೆ. ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು. ಮಳೆಯಿಂದ ಆಟದ ಮೈದಾನ ಕೆಸರಾಗಿದ್ದ ಒಂದು ದಿನ ನನ್ನ ಹಾಸನ್ನೂ ಕಾಯಿಗಳನ್ನೂ ಶಾಲೆಗೆ ಒಯ್ದಿದ್ದೆ. ಮಕ್ಕಳೆಲ್ಲ "ನಾನು ಹುಲಿ, ನಾನು ಹುಲಿ" ಎಂದು ಮುಗಿಬಿದ್ದರು. ಅದು ಯಾವಾಗಲೂ ಹಾಗೇ. ಇವಳು ಮಾತ್ರ, "ನಾ ಹುಲಿ ಕಡೆ ಕೂರದಿಲ್ಲ ಟೀಚರ್" ಎಂದಳು. ಹಿಂದಿನ ಬೇಸಿಗೆಯಲ್ಲಿ ಅವರ ಕೊಟ್ಟಿಗೆಯಿಂದ ಎರಡು ಆಡು ಹೋಗಿತ್ತು. ಹುಲಿಯಲ್ಲ, ಚಿರತೆ. ಅವಳಿಗೆ ಎರಡೂ ಒಂದೇ.

ಕುರಿಗಳನ್ನು ಅವಳು ಇಟ್ಟ ರೀತಿ ನೋಡಬೇಕಿತ್ತು. ಅವಸರವಿಲ್ಲ, ಒಂದರ ಬೆನ್ನಿಗೆ ಒಂದು. ನಾಲ್ಕು ಕುರಿ ಹೋದವು, ತುಟಿ ಕಚ್ಚಿಕೊಂಡಳು. ಕೊನೆಗೆ ಮೂರು ಹುಲಿಗಳೂ ಅಲ್ಲಾಡದಂತೆ ಕಟ್ಟಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಹಾಸಿನಿಂದ ಕೈ ತೆಗೆಯದೆ ನನ್ನ ಮುಖ ನೋಡಿದಳು.

"ಇನ್ನ ಕೊಲ್ಲದಿಲ್ವಾ ಟೀಚರ್?"

"ಇಲ್ಲ ಮಗು, ಕಟ್ಟಿದ ಮೇಲೆ ಆಟ ಮುಗೀತು."

"ಹಂಗಾದ್ರೆ ಅದು ನಾಳೆ ಮತ್ತೆ ಬತ್ತದಲ್ಲ?"

ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದದ್ದು, ಹುಲಿ ಉಳಿದರೆ ಕಾಡು, ಕಾಡು ಉಳಿದರೆ ನೀರು ಎಂಬ ಪಾಠ, ಜಾನುವಾರು ಸತ್ತರೆ ಸರ್ಕಾರ ಕೊಡುವ ಪರಿಹಾರ, ಇವೆಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಕೊಡುವಂಥ ಉತ್ತರಗಳು. ಎಲ್ಲವೂ ನಿಜವೇ. ಆದರೆ ಕೊಟ್ಟಿಗೆಯ ಬಾಗಿಲು ರಾತ್ರಿ ಯಾರು ಹಿಡಿದುಕೊಳ್ಳಬೇಕು ಎನ್ನುವುದು ಅವುಗಳಲ್ಲಿ ಇಲ್ಲ. ಆಟ ಕಟ್ಟಿದ ಹಿರಿಯರು ಹುಲಿಯನ್ನು ಉಳಿಸಿದ್ದರು, ಸರಿ. ಅದರ ಬೆಲೆಯನ್ನು ಯಾವ ಮನೆಯವರು ತೆರಬೇಕೆಂದು ಅವರೂ ಹೇಳಿರಲಿಲ್ಲ. "ಹೌದು, ಬರುತ್ತದೆ" ಎಂದೆ. ಅಷ್ಟೇ ಹೇಳಿದೆ.

ಅವಳು ತಲೆಯಾಡಿಸಿದಳು. ಹಾಸು ತಿರುಗಿಸಿ ಆಡೋಣ ಎಂದು ಉಳಿದ ಮಕ್ಕಳು ಗದ್ದಲ ಎಬ್ಬಿಸಿದರು. "ತಡೀರ್ರೋ, ಎಣಿಸ್ಬೇಕು" ಎಂದಳು. ಕಟ್ಟುಬಿದ್ದ ಹುಲಿಗಳನ್ನು ಇದ್ದಲ್ಲೇ ಬಿಟ್ಟು, ಉಳಿದ ಕುರಿಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ಎಣಿಸಿದಳು, ಸಂಜೆ ಮಂದೆ ಮನೆಗೆ ಬಂದಾಗ ಎಣಿಸುವ ಹಾಗೆ. "ಹನ್ನೊಂದು ಅವೆ" ಎಂದಳು. ಆಮೇಲೆ ಡಬ್ಬಿಗೆ ಕೈ ಹಾಕಿ ಹೋದ ನಾಲ್ಕನ್ನೂ ಹೊರತೆಗೆದು, ಬೆಳಕಿಗೆ ಹಿಡಿದು, ಯಾವ ಯಾವುದು ಎಂದು ನೋಡಿದಳು.