ಬಣ್ಣ ಹೊತ್ತ ಬಟ್ಟೆ

ಬಟ್ಟೆ ಹೊದಿಸಿದ ವಿಮಾನವೊಂದು ಫಳಫಳ ಹೊಳೆಯುತ್ತಾ ನಿಂತಿದ್ದರೆ ನನ್ನ ಮನಸ್ಸಿಗೆ ಮೊದಲು ಬರುವುದು ಒಂದೇ ಪ್ರಶ್ನೆ: ಈ ಬಣ್ಣ ಯಾವ ಕಾಲದ ಬಟ್ಟೆಯ ಮೇಲೆ ಕೂತಿದೆ? ಲೋಹದ ವಿಮಾನದಲ್ಲಿ ಬಣ್ಣ ಕಿತ್ತು ಹೋದರೂ ಮೈ ಉಳಿದಿರುತ್ತದೆ. ಬಟ್ಟೆಯ ವಿಮಾನದಲ್ಲಿ ಹಾಗಲ್ಲ. ಬಟ್ಟೆಯೂ ಅದು ಕುಡಿದ, ಡೋಪ್ ಎಂಬ ವಾರ್ನಿಷಿನಂಥ ಲೇಪವೂ ಸೇರಿಯೇ ಅಲ್ಲಿ ರೆಕ್ಕೆಯ ಮೈ ಆಗುವುದು. ಹಾರುವವರ ಪ್ರಾಣ ನಿಂತಿರುವುದು ಆ ತೆಳುವಾದ ಹೊದಿಕೆಯ ಮೇಲೆ.

ನಾನು ಈ ಕೆಲಸ ಕಲಿತದ್ದು ಪುಷ್ಪಕ್ ವಿಮಾನಗಳ ಮೇಲೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲ ಸಲ ಹಾರಿದ, ಇಬ್ಬರು ಅಕ್ಕಪಕ್ಕ ಕೂರುವ ಪುಟ್ಟ ವಿಮಾನ ಅದು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲಿ. ನಮ್ಮ ಹ್ಯಾಂಗರಿನ ಹಿರಿಯ ಮೇಸ್ತ್ರಿಯೊಬ್ಬರು ಬ್ರಷ್ ಕೈಗೆ ಕೊಟ್ಟು ಹೇಳಿದ್ದರು: “ಮೊದಲನೇ ಕೋಟು ಬಟ್ಟೆ ಮೇಲೆ ಕೂರಬಾರದು ಕಣಪ್ಪಾ, ಒಳಗೆ ಇಳೀಬೇಕು. ಹಿಂದುಗಡೆ ಬೆರಳಿಟ್ಟು ನೋಡು.” ತಿನ್ನರ್ ಹಾಕಿ ತೆಳ್ಳಗೆ ಮಾಡಿದ ಡೋಪ್ ಎಳೆಎಳೆಯೊಳಗೂ ಹೊಕ್ಕು ಹಿಂಬದಿಯನ್ನು ಒದ್ದೆ ಮಾಡಬೇಕು, ಆದರೆ ಒಳಕ್ಕೆ ತೊಟ್ಟಿಕ್ಕಬಾರದು. ಒಣಗುತ್ತಾ ಬಂದಂತೆ ಅದು ಬಟ್ಟೆಯನ್ನು ಬಿಗಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೋಲು ಬಿದ್ದಿದ್ದ ರೆಕ್ಕೆ, ಬೆಂಕಿಗೆ ಕಾಯಿಸಿದ ತಮಟೆಯ ಹಾಗೆ ಬೆರಳಿಗೆ ದನಿ ಕೊಡುತ್ತದೆ.

ಅದರ ಮೇಲೆ ಇನ್ನಷ್ಟು ಕೋಟು. ಆಮೇಲೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಬಣ್ಣದ ಕೋಟು. ಮೇಲೆ ಬರುವ ಬಣ್ಣದಡಿ ಮುಚ್ಚಿಹೋಗುವ ಈ ಬೆಳ್ಳಿಯೇ ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಜೀವ. ಹತ್ತಿಗೂ ಲಿನನ್ನಿಗೂ ದೊಡ್ಡ ಶತ್ರು ಬಿಸಿಲು. ಅದರ ಅತಿನೇರಳೆ ಕಿರಣ ಎಳೆಗಳನ್ನು ಸದ್ದಿಲ್ಲದೆ ಕೊಳೆಸುತ್ತದೆ. ಬೆಳ್ಳಿ ಸಾಕಷ್ಟು ಕೂತಿದೆಯೇ ಎಂದು ನೋಡಲು ಕತ್ತಲಾದ ಮೇಲೆ ರೆಕ್ಕೆಯ ಒಳಗೆ ದೀಪ ಹಿಡಿಯುತ್ತಿದ್ದೆವು. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಆ ಜಾಗಕ್ಕೆ ಮತ್ತೆ ಕೋಟು. ಮೊದಲ ಮಹಾಯುದ್ಧದ ಬ್ರಿಟಿಷ್ ವಿಮಾನಗಳ ಮೇಲಿದ್ದ, ಪಿಸಿ-10 ಎಂಬ ಹೆಸರಿನ ಮಾಸಲು ಕಂದು ಬಣ್ಣ ಶತ್ರುವಿನ ಕಣ್ಣು ತಪ್ಪಿಸಲಿಕ್ಕೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಬಿಸಿಲಿನಿಂದ ಲಿನನ್ನನ್ನು ಕಾಪಾಡುವುದೂ ಅದರ ಮುಖ್ಯ ಕೆಲಸವಾಗಿತ್ತು.

ಮಳೆಗಾಲದಲ್ಲಿ ಡೋಪ್ ಹಚ್ಚುವುದೆಂದರೆ ಫಜೀತಿ. ದ್ರಾವಕ ಬೇಗ ಆರಿ ಮೈ ತಣ್ಣಗಾದಾಗ ಗಾಳಿಯ ತೇವ ಅಲ್ಲೇ ಕೂತು, ಬೂಷ್ಟು ಬಂದಂತೆ ಬೆಳ್ಳಗಾಗುತ್ತದೆ. ಅಂಥ ಪದರಕ್ಕೆ ಬಲವಿಲ್ಲ. ರಿಟಾರ್ಡರ್ ಬೆರೆಸಿ ಒಣಗುವುದನ್ನು ನಿಧಾನ ಮಾಡಬಹುದು, ಇಲ್ಲವೇ ಒಳ್ಳೆಯ ದಿನಕ್ಕೆ ಕಾಯಬಹುದು. ಕಾಯುವುದು ಮೇಲು.

ಇಷ್ಟೆಲ್ಲ ಆದ ಮೇಲೆ ಬಣ್ಣ. ಜನ ನೋಡುವುದು ಅದನ್ನು, ದುಡ್ಡು ಕೊಡುವುದೂ ಹೆಚ್ಚಾಗಿ ಅದಕ್ಕೇ. ಆದರೆ ಪ್ರತಿ ಕೋಟೂ ತೂಕ. ರೆಕ್ಕೆಯ ಮತ್ತು ಬಾಲದ ಹಿಂಬದಿಯಲ್ಲಿ ಕೀಲಿನ ಮೇಲೆ ಆಡುವ ಏಲ್ರಾನ್, ಎಲಿವೇಟರ್‌ಗಳಲ್ಲಿ ಕೀಲಿನ ಹಿಂದೆ ತೂಕ ಹೆಚ್ಚಿ ಸಮತೋಲ ತಪ್ಪಿದರೆ ಅವು ಹಾರಾಟದಲ್ಲಿ ಥರಥರ ಅದುರತೊಡಗಬಹುದು. ಆ ಅದುರುವಿಕೆಗೆ ವಿಮಾನವನ್ನೇ ಒಡೆಯುವ ಶಕ್ತಿಯಿದೆ. ಡೋಪಿನ ಇನ್ನೊಂದು ಗುಣವನ್ನೂ ಮರೆಯುವಂತಿಲ್ಲ. ಅದು ಬಿಗಿಯುವುದನ್ನು ಒಂದೇ ದಿನಕ್ಕೆ ನಿಲ್ಲಿಸುವುದಿಲ್ಲ. ವರ್ಷಗಟ್ಟಲೆ ಬಿಗಿಯುತ್ತಾ, ಪೆಡಸಾಗುತ್ತಾ, ಕೊನೆಗೆ ತಾನೇ ಬಿರುಕು ಬಿಡುತ್ತದೆ. ಆಗ ರೆಜುವಿನೇಟರ್ ಹಚ್ಚುತ್ತಾರೆ. ಅದು ಹಳೆಯ ಡೋಪನ್ನು ಕರಗಿಸಿ, ಮೆದು ಮಾಡಿ, ಬಿರುಕುಗಳನ್ನು ಕೂಡಿಸುತ್ತದೆ. ಮೇಲೊಂದು ಹೊಸ ಕೋಟು ಹೊಡೆದರೆ ಮುಗಿಯಿತು, ವಿಮಾನ ಹೊಚ್ಚ ಹೊಸದು. ಮರುಜೀವ ಬಂದದ್ದು ಡೋಪಿಗೆ ಮಾತ್ರ. ಸೋತ ಬಟ್ಟೆ ಸೋತೇ ಇರುತ್ತದೆ.

ನನ್ನನ್ನು ಬಹಳ ಕಾಲ ಕಾಡಿದ್ದು ಇಲ್ಲಿಂದ ಮುಂದಿನ ಸಂಗತಿ. ಬಟ್ಟೆಯ ಬಲವನ್ನು ಕಣ್ಣಿನಿಂದ ಅಳೆಯಲಾಗದು. ವಿಮಾನಕ್ಕೆ ಹೊದಿಸುವ ಗ್ರೇಡ್-ಎ ಹತ್ತಿ ಬಟ್ಟೆ ಹೊಸದಾಗಿದ್ದಾಗ ಒಂದು ಅಂಗುಲ ಅಗಲದ ಪಟ್ಟಿ 80 ಪೌಂಡ್ ಎಳೆತ ತಡೆಯಬೇಕು. ಆ ಬಟ್ಟೆಯೇ ಬೇಕಾದ ವಿಮಾನದಲ್ಲಿ ಅದು 56ಕ್ಕಿಂತ ಕೆಳಗಿಳಿದರೆ ಹಾರಾಟಕ್ಕೆ ಲಾಯಕ್ಕಲ್ಲ. ಅಂದಾಜಿಗೆ, ಸ್ಪ್ರಿಂಗ್ ಇರುವ ಮೊನೆಯ ಸಾಧನವನ್ನು ರೆಕ್ಕೆಗೆ ಒತ್ತಿ ಪಂಚ್ ಟೆಸ್ಟ್ ಮಾಡುತ್ತಾರೆ. ಸರಿಯಾಗಿ ತಿಳಿಯಬೇಕಾದರೆ ರೆಕ್ಕೆಯಿಂದಲೇ ಪಟ್ಟಿ ಕತ್ತರಿಸಿ, ಡೋಪ್ ಕರಗಿಸಿ ತೆಗೆದು, ಎಳೆದು ನೋಡಬೇಕು. ಅದೂ ಬಿಸಿಲಿಗೆ ಹೆಚ್ಚು ಒಡ್ಡಿಕೊಂಡ ಮೇಲ್ಮೈಯಲ್ಲಿ, ಗಾಢ ಬಣ್ಣ ಇರುವಲ್ಲಿ. ಅಂದರೆ ಕಣ್ಣಿಗೆ ಎದ್ದು ಕಾಣುವ ಜಾಗದಲ್ಲೇ. ಹೀಗಾಗಿ ವಿಮಾನ ಎಷ್ಟು ಚಂದವೋ ಅದನ್ನು ಪರೀಕ್ಷಿಸಲು ಅಷ್ಟು ಹಿಂಜರಿಕೆ. ಬಣ್ಣ ಮಾಸಿ, ಅಲ್ಲಲ್ಲಿ ತೇಪೆ ಬಿದ್ದ ವಿಮಾನಕ್ಕೆ ಮೊನೆ ಒತ್ತಲು ಯಾರೂ ತಡೆಯುವುದಿಲ್ಲ. ನಿನ್ನೆ ಮೊನ್ನೆ ಬಣ್ಣ ಕಂಡದ್ದರ ಮುಂದೆ ನಿಂತರೆ ಮಾಲೀಕರ ಮುಖ ಸಣ್ಣದಾಗುತ್ತದೆ, “ಈಗ ತಾನೇ ಮಾಡಿಸಿದ್ದು, ಮುಂದಿನ ವರ್ಷ ನೋಡೋಣ ಬಿಡಿ” ಎಂಬ ಮಾತು ಬರುತ್ತದೆ. ಸುಳ್ಳು ಹೇಳಬೇಕೆಂದು ಯಾರೂ ಬಣ್ಣ ಹಚ್ಚಿಸಿರುವುದಿಲ್ಲ. ಅಕ್ಕರೆಯಿಂದಲೇ ಹಚ್ಚಿಸಿರುತ್ತಾರೆ, ಆ ಅಕ್ಕರೆಯೇ ಪರೀಕ್ಷೆಗೆ ಅಡ್ಡ ನಿಲ್ಲುತ್ತದೆ. ಮನೆಯೊಳಗಿನ ನಂಟುಗಳಲ್ಲೂ ನಾನು ಇದನ್ನು ಕಂಡಿದ್ದೇನೆ: ಎಲ್ಲ ಚೆನ್ನಾಗಿದೆ ಎಂದು ಕಾಣುವಂತೆ ನಾವು ತುಂಬ ದುಡಿದ ಕಡೆಯೇ ಒತ್ತಿ ಕೇಳಲು ಹೆದರುತ್ತೇವೆ.

ಬಟ್ಟೆ ಪೂರ್ತಿ ಬಿಚ್ಚಿದರೆ ಭಯ ಹೋಗುತ್ತದೆ, ಕೆಲಸ ಶುರುವಾಗುತ್ತದೆ. ಉಕ್ಕಿನ ಕೊಳವೆಗಳ ತಗ್ಗಿನಲ್ಲಿ ತುಕ್ಕು, ಬಾಲದ ಹತ್ತಿರ ಇಲಿಯ ಗೂಡು, ಬಿರುಕು ಬಿಟ್ಟ ಒಂದು ರಿಬ್ಬು, ಪುಡಿಯಾದ ಹೊಲಿಗೆದಾರ, ಎಲ್ಲವೂ ಹಗಲಿಗೆ ಬರುತ್ತವೆ. ಹೊದಿಕೆ ಬದಲಾದರೆ ವಿಮಾನವೇ ಬೇರೆಯಾಯಿತೆಂದು ಸಂಕಟಪಡಬೇಕಾಗಿಲ್ಲ. 1903ರಲ್ಲಿ ಹಾರಿದ ರೈಟ್ ಸೋದರರ ವಿಮಾನದ ಮಸ್ಲಿನ್ ಬಟ್ಟೆಯನ್ನು 1927ರಲ್ಲಿ ಆರ್ವಿಲ್ ರೈಟ್ ಅವರೇ ಬದಲಿಸಿದರು. ಅಪೊಲೊ-11 ಚಂದ್ರನಲ್ಲಿಗೆ ಒಯ್ದದ್ದು ಮೊದಲಿನ ಆ ಬಟ್ಟೆಯ ತುಣುಕನ್ನು.

ಈಗ ಪಾಲಿಯೆಸ್ಟರ್ ಬಟ್ಟೆ ಬಂದಿದೆ. ಇಸ್ತ್ರಿ ಕಾವಿಗೆ ಬಿಗಿಯುತ್ತದೆ, ಹತ್ತಿಗಿಂತ ಬಹಳ ಕಾಲ ಬಾಳುತ್ತದೆ. ಬಿಸಿಲಿನ ಕಾಟ ಅದಕ್ಕೂ ತಪ್ಪಿದ್ದಲ್ಲ, ಬೆಳ್ಳಿ ಕೋಟಿನಂಥ ರಕ್ಷಣೆ ಬೇಕೇ ಬೇಕು. ಹತ್ತಿಯದಾಗಲಿ ಪಾಲಿಯೆಸ್ಟರಿನದಾಗಲಿ, ಇನ್ನೂ ಉಳಿದಿರುವ ಬಟ್ಟೆಯ ವಿಮಾನಗಳನ್ನು ಹಾರಿಸಬೇಕೆನ್ನುವವರಲ್ಲಿ ನನ್ನದೊಂದು ಕೋರಿಕೆ: ಬಣ್ಣದ ಚಾರ್ಟ್ ಬಿಡಿಸುವ ಮೊದಲು ಬಟ್ಟೆಯ ಬಲ ನೋಡಿಸಿ, ಬಂದ ಅಂಕಿಯನ್ನು ಲಾಗ್‌ಬುಕ್ಕಿನಲ್ಲಿ ಬರೆಸಿ.